ಬಾಯೊಳಗಿನ ಕೆಂಪು ದೀಪ

ಮಗ ಅಪ್ಪನ ಬೈತಲೆಯನ್ನು ಕೆಡಿಸಿ ಮತ್ತೆ ತೆಗೆಯುತ್ತಿದ್ದ. ಎಡಕ್ಕಿರಲಿ ಎಂದು ಸೊಸೆ, ಬಲಕ್ಕೇ ಚೆಂದ ಎಂದು ಹಳೆಯ ಗಿರಾಕಿಗಳು. ಶವಪೆಟ್ಟಿಗೆಯಲ್ಲಿ ಮಲಗಿದ್ದ ಕ್ಷೌರಿಕರು, ಬೀದಿಗೆಲ್ಲ ಕತ್ತರಿ ಮಾವ ಆಗಿದ್ದವರು, ತಲೆಗೂದಲಿನ ವಿಷಯದಲ್ಲಿ ಮೊದಲ ಸಲ ಏನೂ ಹೇಳದೆ ಸುಮ್ಮನಿದ್ದರು. ಎಪ್ಪತ್ತು ದಾಟಿದ ತಲೆಯಲ್ಲಿ ಎಂಥ ದಟ್ಟ ಕೂದಲು ಅಂತೀರಿ! ಬಂದವರೆಲ್ಲ ಮುಖಕ್ಕಿಂತ ಮೊದಲು ಅದನ್ನೇ ನೋಡುತ್ತಿದ್ದರು.

ಆಸ್ಪತ್ರೆಯ ಸಂಶೋಧಕಿ ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದಳು. ಮಾವನ ಕೆನ್ನೆಯೊಳಗಿನ ಕ್ಯಾನ್ಸರ್ ಗಡ್ಡೆಗೆ ಔಷಧಿ ಕೊಟ್ಟವಳು ಅವಳೇ. ಗಡ್ಡೆ ಕರಗಿತ್ತು, ನಿಜ. ಆದರೆ ಎರಡು ವರ್ಷದ ಮೇಲೆ ರೋಗ ಶ್ವಾಸಕೋಶದಲ್ಲಿ ತಲೆ ಎತ್ತಿತು. ಅಲ್ಲಿಗೆ ಅವಳ ಚಿಕಿತ್ಸೆಯ ದೀಪ ಮುಟ್ಟಲಿಲ್ಲ. ಸುದ್ದಿ ಬಂದಾಗಿನಿಂದ ಅವಳಿಗೆ ಊಟ ಸೇರಿರಲಿಲ್ಲ. ಮನೆಯವರು ಒಂದು ಮಾತು ಅಂದರೂ ಸಾಕು, ಆಸ್ಪತ್ರೆಯ ತನ್ನ ಪ್ರಯೋಗದ ಕೋಣೆಗೆ ಬೀಗ ಹಾಕಿ ಬೇರೆ ಕೆಲಸ ನೋಡಿಕೊಳ್ಳುವುದೆಂದು ತೀರ್ಮಾನಿಸಿಯೇ ಬಂದಿದ್ದಳು.

*

ಮಾಮೂಲಿ ಔಷಧಿ ಮೈಯೆಲ್ಲ ಸುತ್ತಿ ಕೂದಲು ಉದುರಿಸುತ್ತದೆ ಎಂದು ಕೇಳಿದ್ದೇ ತಡ, ಮಾವ ಎದ್ದು ಹೊರಟಿದ್ದರು. ಬೋಳುತಲೆಯ ಕ್ಷೌರಿಕನ ಕುರ್ಚಿಯಲ್ಲಿ ಯಾರು ಕೂರುತ್ತಾರೆ? ಆಗ ಅವಳು ಪ್ರಯೋಗದ ಹಂತದಲ್ಲಿದ್ದ ಇನ್ನೊಂದು ದಾರಿ ಹೇಳಿದಳು. ಧೂಳಿಗಿಂತ ಎಷ್ಟೋ ಸಣ್ಣ ಕಣಗಳೊಳಗೆ ಔಷಧಿ ಮುಚ್ಚಿಟ್ಟು ರಕ್ತಕ್ಕೆ ಬಿಡುವುದು. ಗಡ್ಡೆಯ ಮೇಲೆ ಕೆಂಪು ಬೆಳಕು ಹಿಡಿದರೆ ಅಲ್ಲಿರುವ ಕಣಗಳು ಮಾತ್ರ ತೆರೆದುಕೊಳ್ಳುತ್ತವೆ.

“ಅಂದ್ರೆ ಔಷಧಿ ನಿದ್ದೆ ಮಾಡ್ಕೊಂಡೇ ಬರುತ್ತೆ, ನೀನು ದೀಪ ಹಾಕಿ ಎಬ್ಬಿಸ್ತೀಯ,” ಅಂದರು ಮಾವ. “ನನ್ನ ಮಗನಿಗೂ ಹೀಗೇ ಮಾಡಬೇಕಿತ್ತು.”

ಆದರೆ ದೀಪದ ಕಡ್ಡಿ ಬಾಯೊಳಗೇ ಇರಬೇಕು, ಅರ್ಧ ಗಂಟೆ ತುಟಿ ಅಲ್ಲಾಡಬಾರದು. ಮಾತಿಲ್ಲದೆ ಒಂದು ಗಡ್ಡವನ್ನೂ ಕೆರೆದವರಲ್ಲ. ಅವರಿಗೆ ಅದು ರೋಗಕ್ಕಿಂತ ದೊಡ್ಡ ಶಿಕ್ಷೆ. ನೀನಾದರೂ ಏನಾದರೂ ಹೇಳು ಎಂದು ಕೈಸನ್ನೆ ಮಾಡಿದರು. ಮಾತೆಂದರೆ ಬೆವರುವ ಅವಳು ಮೊದಲ ದಿನ ಯಂತ್ರದ ಮೇಲಿನ ಎಚ್ಚರಿಕೆಗಳನ್ನು ಓದಿ ಹೇಳಿದಳು. ಮಾವ ಗೊರಕೆ ಹೊಡೆದಂತೆ ನಟಿಸಿದರು. ಮುಂದಿನ ವಾರ, ಬೇರೇನೂ ತೋಚದೆ, ಮುದಿವಯಸ್ಸಿನಲ್ಲಿ ಕಾರು ಕಲಿಯುತ್ತೇನೆಂದು ಹಟ ಹಿಡಿದು ಪೊಲೀಸ್ ಠಾಣೆಯ ಗೇಟನ್ನೇ ಮುರಿದ ತನ್ನ ಚಿಕ್ಕಮ್ಮನ ಕತೆ ಶುರುಮಾಡಿದಳು. ನಗು ತಡೆಯಲಾರದೆ ಮಾವನ ಹೊಟ್ಟೆ ಕುಲುಕಿ ದೀಪ ಜಾರಿತು.

ಆಮೇಲೆ ವಾರವಾರವೂ ಅವಳದೇ ಮಾತು, ಅವರದು ಬರೀ ಹುಬ್ಬು. ಯಾರಿಗೂ ಹೇಳದ್ದನ್ನೆಲ್ಲ ಅಲ್ಲಿ ಹೇಳಿಕೊಂಡಳು. ದೀಪ ತೆಗೆದ ಮೇಲೆ ಆ ಬಾಯಿ ನೇರ ಅಂಗಡಿಗೆ ಹೋಗುತ್ತದೆ ಎಂಬುದು ಮಾತ್ರ ಅವಳಿಗೆ ಹೊಳೆಯಲೇ ಇಲ್ಲ.

*

ಹೊಳೆದದ್ದು ಇವತ್ತು. ಅಂಚೆಯವನು ಹತ್ತಿರ ಬಂದು, ಚಿಕ್ಕಮ್ಮನಿಗೆ ಕೊನೆಗೂ ಲೈಸೆನ್ಸ್ ಸಿಕ್ಕಿತಾ ಎಂದು ಮೆಲ್ಲಗೆ ವಿಚಾರಿಸಿದ. ಗಣಿತದ ಮೇಷ್ಟ್ರು, ನೀವು ಲೆಕ್ಕದಲ್ಲಿ ಎರಡು ಸಲ ಫೇಲಾಗಿದ್ದನ್ನು ನನ್ನ ಹುಡುಗರಿಗೆ ಧೈರ್ಯಕ್ಕೆ ಹೇಳುತ್ತಿರುತ್ತೇನೆ ಎಂದರು. ಹೂವಿನಂಗಡಿಯಾಕೆಯಂತೂ, ಅವಳ ಜೊತೆಗಿನ ಮದುವೆ ಮುರಿದುಕೊಂಡು ಹೋದ ಮಹಾಶಯನಿಗೆ ಹಿಡಿಶಾಪ ಹಾಕಿ, ಹೋಗಲಿ ಬಿಡು ತಾಯಿ, ಅವನೇ ನಿನಗೆ ತಕ್ಕವನಲ್ಲ ಎಂದು ಬೆನ್ನು ಸವರಿದಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ.

ಮಾವನ ಹೆಂಡತಿ ಅವಳನ್ನು ಕೈಹಿಡಿದು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ಅಮ್ಮ, ಎದೆ ತನಕ ನನ್ನ ಬೆಳಕು ಹೋಗಲಿಲ್ಲ.”

“ಹೋಗಲಿಲ್ಲ, ಸರಿ. ಎರಡು ವರ್ಷ ಹೊಟ್ಟೆ ತುಂಬ ಉಂಡ್ರು, ನನ್ನ ಜೊತೆ ಜಗಳ ಆಡಿದ್ರು, ನಿನ್ನ ಕತೆಗೆ ಉಪ್ಪುಖಾರ ಹಚ್ಚಿ ಬೀದಿಗೆಲ್ಲ ಹಂಚಿದ್ರು. ಅಳೋಕೆ ನಾನಿದ್ದೀನಿ. ನಿನಗೆ ಬೇರೆ ಕೆಲಸ ಇದೆ.”

ಹಾಗೆಂದು ಮೂಲೆಯಲ್ಲಿದ್ದ ಒಬ್ಬ ಗಟ್ಟಿಮುಟ್ಟಾದ ಮನುಷ್ಯನನ್ನು ಕರೆದರು. ಅಂಗಡಿಯ ಪಕ್ಕದಲ್ಲಿ ಬೂಟು ರಿಪೇರಿ ಮಾಡುವವನು. ಹೂಂ, ಉಹೂಂ ಬಿಟ್ಟು ಮೂರನೆಯ ಮಾತು ಕೇಳಿದವರಿಲ್ಲ. ನಾಲಿಗೆಯ ಅಂಚಿನಲ್ಲಿ ಹುಣ್ಣೆದ್ದು ತಿಂಗಳುಗಳಾಗಿವೆಯಂತೆ. ಆಸ್ಪತ್ರೆಯಲ್ಲಿ ಪ್ರಶ್ನೆ ಕೇಳುತ್ತಾರೆ ಎಂಬ ಒಂದೇ ಭಯಕ್ಕೆ ಅತ್ತ ತಲೆ ಹಾಕಿಲ್ಲವಂತೆ.

ಅವನು ಟೋಪಿಯನ್ನು ಹಿಂಡುತ್ತಾ ನಿಂತ. ಕಿವಿಯೆಲ್ಲ ಕೆಂಪಾಗಿತ್ತು.

“ಅಲ್ಲಿ ನೀವೇ ಮಾತಾಡ್ತೀರಂತೆ. ನಾನು ಮಾತಾಡೋ ಹಾಗೇ ಇಲ್ವಂತೆ. ನಿಜಾನಾ?”

“ನಿಜ,” ಅಂದಳು ಅವಳು.

ಮೊದಲು ಪರೀಕ್ಷೆ ಆಗಬೇಕು, ಈ ಔಷಧಿ ಹೊಂದುತ್ತದೋ ಇಲ್ಲವೋ ಈಗಲೇ ಹೇಳಲಾರೆ, ನಾಳೆ ಬೆಳಿಗ್ಗೆ ಬನ್ನಿ, ನಾನು ಕೋಣೆಯಲ್ಲೇ ಇರ್ತೀನಿ ಎಂದಳು. ಇರ್ತೀನಿ ಎಂದಮೇಲೆ ಅವಳಿಗೇ ಆಶ್ಚರ್ಯವಾಯಿತು.

ಅವನು ನಾಳೆಗೆ ಕಾಯಲಿಲ್ಲ. ಅವಳೆದುರಿನ ಕುರ್ಚಿಯಲ್ಲಿ ಕುಳಿತು, ಕಣ್ಣು ಬಿಗಿಯಾಗಿ ಮುಚ್ಚಿ, “ಆ” ಎಂದು ಬಾಯಿ ತೆರೆದ. ಕಿಟಕಿಯ ಬೆಳಕು ಸಾಲದೆ ಅವಳು ಬಗ್ಗಿ ನೋಡುತ್ತಿರುವಾಗ ಅಂಚೆಯವನು ತನ್ನ ಫೋನಿನ ಟಾರ್ಚ್ ಹಾಕಿದ. ಆಮೇಲೆ ಮೇಷ್ಟ್ರು, ಹೂವಿನಂಗಡಿಯಾಕೆ, ಸೊಸೆ. ಪೆಟ್ಟಿಗೆಯ ಸುತ್ತ ನಿಂತಿದ್ದವರೆಲ್ಲ ಒಬ್ಬೊಬ್ಬರಾಗಿ ಇತ್ತ ತಿರುಗಿ, ತೆರೆದ ಆ ಒಂದು ಬಾಯಿಗೆ ಬೆಳಕು ಹಿಡಿದು ನಿಂತರು.