ತಿಲ್ವೆರ್ ಮಹಲಿನ ಮೂಗು

ಆನ್ಸೆಲ್ಮ್ ಬ್ರೆದಿಯೆಯವರಿಗಿಂತ ಮೊದಲು ಅವರ ಮೂಗು ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುತ್ತಿತ್ತು ಎಂದರೆ ಅದರಲ್ಲಿ ಉತ್ಪ್ರೇಕ್ಷೆಯ ಪಾಲು ತೀರ ಕಡಿಮೆ. ಹುಬ್ಬುಗಳ ನಡುವಿನಿಂದ ಎಳ್ಳಷ್ಟೂ ಸಂಕೋಚವಿಲ್ಲದೆ ಹೊರಟು, ಅರ್ಧ ದಾರಿಯಲ್ಲಿ ಏನನ್ನೋ ಮರೆತುಬಂದಂತೆ ಎಡಕ್ಕೊಮ್ಮೆ ಬಾಗಿ, ಮತ್ತೆ ಸಾವರಿಸಿಕೊಂಡು ಮೀಸೆಯ ಮೇಲೆ ಧೀರಗಂಭೀರವಾಗಿ ಇಳಿಯುತ್ತಿದ್ದ ಆ ಮೂಗನ್ನು ಫ್ರಾನ್ಸಿನ ಸೋನ್ ನದಿಯ ದಂಡೆಯ ನಮ್ಮ ಊರಿನಲ್ಲಿ ಗುರುತಿಸದವರಿರಲಿಲ್ಲ. ಊರಿನ ಅರ್ಧ ಜನ ಕಾರು ಓಡಿಸಲು ಕಲಿತದ್ದೇ ಅವರ ಪಕ್ಕದಲ್ಲಿ ಕುಳಿತು, ಆ ಮೂಗಿನ ಮೇಲ್ವಿಚಾರಣೆಯಲ್ಲಿ.

ಡ್ರೈವಿಂಗ್ ಶಾಲೆಯನ್ನು ಮುಚ್ಚಿ ವರ್ಷಗಳಾಗಿದ್ದರೂ ಆ ವೃತ್ತಿ ಅವರ ಮೈಯನ್ನು ಬಿಟ್ಟಿರಲಿಲ್ಲ. ಕಾಲುನಡಿಗೆಯಲ್ಲಿ ಹೋಗುವಾಗಲೂ ತಿರುವು ಬಂದರೆ ಭುಜದ ಮೇಲಿಂದ ಹಿಂದಕ್ಕೊಮ್ಮೆ ನೋಡದೆ ತಿರುಗುತ್ತಿರಲಿಲ್ಲ. ಎದುರಿನವರ ಮಾತು ವೇಗ ಹಿಡಿದರೆ ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು; ಪಾದ್ರಿಯ ಉಪದೇಶಕ್ಕೂ ಹೆಂಡತಿ ಎರ್ಮಿನ್‌ಳ ದೂರಿಗೂ ಅವರು ಪಕ್ಷಪಾತವಿಲ್ಲದೆ ಬ್ರೇಕು ಹಾಕುತ್ತಿದ್ದರು. "ನಿಧಾನ, ಎರಡನೇ ಗೇರು" ಎಂಬುದು ಅವರ ಬಾಯಿಂದ ಸಮಾಧಾನವಾಗಿಯೂ ಗದರಿಕೆಯಾಗಿಯೂ ಬರುತ್ತಿತ್ತು. ಒಮ್ಮೆ ಒಂದು ಶವಯಾತ್ರೆಯಲ್ಲಿ ಸಂತಾಪಸೂಚಕವಾಗಿಯೂ ಬಂದಿತ್ತೆಂದು ಕೇಳಿದ್ದೇವೆ.

ಇಂಥ ಮನುಷ್ಯನಿಗೂ ಚಿತ್ರಕಲೆಗೂ ಸಂಬಂಧ ಬೆಳೆದದ್ದು ಮಳೆಯಿಂದ. ತಿಂಗಳ ಮೊದಲ ಭಾನುವಾರ ತಿಲ್ವೆರ್ ಮಹಲಿನ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಅಂಥದೊಂದು ಭಾನುವಾರ ಮಾರುಕಟ್ಟೆಯಿಂದ ಮರಳುವಾಗ ಸುರಿದ ಮಳೆಗೆ ಎರ್ಮಿನ್ ಗಂಡನನ್ನು ಒಳಕ್ಕೆಳೆದಳು. ಅವರ ಕೈಯಲ್ಲಿ ಈರುಳ್ಳಿಯ ಕಟ್ಟು, ಮೈಯೆಲ್ಲ ನೀರು. ಮೇಲಂತಸ್ತಿನ ಭೋಜನಶಾಲೆಯಲ್ಲಿ ಮಹಲನ್ನು ಕಟ್ಟಿಸಿದ ತಿಲ್ವೆರ್ ದೊರೆಯ ದೊಡ್ಡ ಚಿತ್ರವಿತ್ತು: ಕಡುಗೆಂಪು ಮಖಮಲ್ಲಿನ ಕೋಟು, ಕೈಯಲ್ಲಿ ಮದ್ಯದ ಬಟ್ಟಲು, ಕಾಲ ಬಳಿ ನಾಯಿ, ಹಿಂದೆ ಬರೀ ಕತ್ತಲು, ಮತ್ತು ಮುಖದ ನಡುವೆ, ಅದೇ ಮೂಗು. ಪಕ್ಕದಲ್ಲಿದ್ದ ಪ್ರವಾಸಿ ಹೆಂಗಸೊಬ್ಬಳು ಚಿತ್ರವನ್ನೊಮ್ಮೆ ಇವರನ್ನೊಮ್ಮೆ ನೋಡಿ, ನೀವು ಈ ಮನೆತನದವರೇ ಎಂದು ವಿನಯದಿಂದ ಕೇಳಿದಳು.

ಅಲ್ಲ ಎಂದುಬಿಡಬಹುದಿತ್ತು. ಆನ್ಸೆಲ್ಮ್ ಈರುಳ್ಳಿಯ ಕಟ್ಟನ್ನು ಬೆನ್ನ ಹಿಂದೆ ಸರಿಸಿ, "ಜನ ಹಾಗಂತಾರೆ" ಎಂದರು. ಆ ಕ್ಷಣದವರೆಗೆ ಯಾವ ಜನವೂ ಹಾಗೆಂದಿರಲಿಲ್ಲ.

ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರಿಲ್ಲ. ಹಳೆ ಸಾಮಾನಿನ ಸಂತೆಯಲ್ಲಿ ಕಡುಗೆಂಪು ಮಖಮಲ್ಲಿನ ಕೋಟೊಂದು ಸಿಕ್ಕಿತು. ಯಾವುದೋ ನಾಟಕ ಮಂಡಳಿಯದು, ತೋಳು ಗಿಡ್ಡ. ಮೊದಲ ಭಾನುವಾರಗಳಂದು ಅದನ್ನು ತೊಟ್ಟು ಹೋಗಿ, ಚಿತ್ರದ ಪಕ್ಕದ ವಿವರಫಲಕವನ್ನು ಓದುವ ನೆಪದಲ್ಲಿ ಮುಖದ ಒಂದು ಮಗ್ಗುಲು ಮಾತ್ರ ಕಾಣುವಂತೆ ನಿಲ್ಲುತ್ತಿದ್ದರು. ಫಲಕದಲ್ಲಿದ್ದುದು ಐದೇ ಸಾಲು. ಅವರು ಅದನ್ನು ಊಟದ ಹೊತ್ತಿನವರೆಗೂ ಓದುತ್ತಿದ್ದರು. ಯಾರೂ ಗಮನಿಸದಿದ್ದರೆ ಸೀನುತ್ತಿದ್ದರು. ಮಹಲನ್ನು 'ಮನೆ' ಎಂದು ಕರೆಯತೊಡಗಿದರು. ದೊರೆಯ ತಲೆ ಕ್ರಾಂತಿಯ ಕಾಲದಲ್ಲಿ ಗಿಲೊಟಿನ್ ಕತ್ತಿಗೆ ಹೋಗಿತ್ತಾದ್ದರಿಂದ, ಆ ಕ್ರಾಂತಿಯ ನೆನಪಿಗೆ ಊರೆಲ್ಲ ಸೇತುವೆಯ ಮೇಲೆ ಕುಣಿಯುವ ಜುಲೈ ಹದಿನಾಲ್ಕರಂದು ಅವರು ಪರದೆ ಇಳಿಸಿ ಮನೆಯೊಳಗೆ ಕುಳಿತಿರುತ್ತಿದ್ದರು. "ಇವನಜ್ಜ ಹಂದಿ ವ್ಯಾಪಾರಿ, ಅವನಪ್ಪನೂ ಹಂದಿ ವ್ಯಾಪಾರಿ. ಅದಕ್ಕಿಂತ ಹಿಂದಿನೋರು ಹಂದಿ ಕೊಳ್ಳೋಕೂ ಗತಿ ಇಲ್ಲದೋರು" ಎಂದು ಎರ್ಮಿನ್ ನೆರೆಯವರಿಗೆ ಹೇಳುತ್ತಿದ್ದಳು. ಆದರೆ ಕೋಟಿನ ತೋಳನ್ನು ಬಿಚ್ಚಿ ಉದ್ದ ಮಾಡಿಕೊಟ್ಟವಳೂ ಅವಳೇ.

ಕೆಡುಕನ್ನು ಕೈಯಾರೆ ಕರೆತಂದವರು ಆನ್ಸೆಲ್ಮ್. ಸಂಗ್ರಹಾಲಯದ ಮುಖ್ಯಸ್ಥೆ ಕ್ಲೊತಿಲ್ದ್, ಇವರ ಡ್ರೈವಿಂಗ್ ಶಾಲೆಯ ಹಳೆಯ ಶಿಷ್ಯೆ. ಕಾರನ್ನು ಹಿಂದಕ್ಕೆ ತಂದು ನಿಲ್ಲಿಸುವುದನ್ನು ಕಲಿಯುವಾಗ ಅವಳು ಅತ್ತದ್ದನ್ನು ಇಬ್ಬರೂ ಮರೆತಿರಲಿಲ್ಲ. ಹಿರಿಯರ ಮುಖದ ಮೇಲೆ ಇಷ್ಟು ಕಾಲದ ಹೊಗೆ, ಮಸಿ ಕೂತಿದೆಯಲ್ಲ, ಒರೆಸಬಾರದೇ ಎಂದು ಅವರು ಕಂಡಾಗಲೆಲ್ಲ ಕಾಡಿದರು. ಕಡೆಗೆ ಅವಳು ಮಣಿದು ಚಿತ್ರವನ್ನು ಶುದ್ಧಿಗೆಂದು ನಗರಕ್ಕೆ ಕಳುಹಿಸಿದಳು. ಅದು ಇಲ್ಲದ ತಿಂಗಳುಗಳಲ್ಲೂ ಆನ್ಸೆಲ್ಮ್ ತಪ್ಪದೆ ಹೋಗಿ, ಖಾಲಿ ಗೋಡೆಯ ಪಕ್ಕದಲ್ಲಿ ಮಗ್ಗುಲಾಗಿ ನಿಂತು ಬರುತ್ತಿದ್ದರು.

ಚಿತ್ರ ಮರಳಿತು. ಅನಾವರಣಕ್ಕೆ ಅವರು ಬೇಕರಿಯವರಿಂದ ಹಿಡಿದು ಹಳೆಯ ಶಿಷ್ಯರವರೆಗೆ ಎಲ್ಲರನ್ನೂ ಸ್ವತಃ ಹೋಗಿ, ಮದುವೆಗೆ ಕರೆದಂತೆ ಕರೆದರು. ಹಿಂದಿನ ದಿನ ಕ್ಲೊತಿಲ್ದ್ ಮನೆಗೆ ಬಂದಳು. ಮುಖ ಬಿಳಿಚಿತ್ತು. ಮಾತಿಗೆ ಶುರುವಿಟ್ಟವಳು ಹೆದರಿಕೆಯಿಂದ ಎಷ್ಟು ವೇಗ ಹಿಡಿದಳೆಂದರೆ ಆನ್ಸೆಲ್ಮ್‌ರ ಬಲಗಾಲು ನೆಲಕ್ಕೆ ಊರಿಯೇಬಿಟ್ಟಿತು. "ನಿಧಾನಮ್ಮ, ಎರಡನೇ ಗೇರು" ಎಂದರು. ಹುಡುಗಿಯಾಗಿದ್ದಾಗಿನ ಅಭ್ಯಾಸ, ಅವಳ ಮಾತು ಅಲ್ಲೇ ನಿಂತುಹೋಯಿತು. ನಾಳೆ ಎಲ್ಲರಿಗಿಂತ ಸ್ವಲ್ಪ ಮುಂಚೆ ಬನ್ನಿ ಎಂದಷ್ಟೇ ಹೇಳಿ ಹೊರಟುಹೋದಳು. ಆನ್ಸೆಲ್ಮ್ ಮರುದಿನ ಎಲ್ಲರಿಗಿಂತ ತಡವಾಗಿ ಹೋದರು. ಮನೆಯ ಯಜಮಾನ ಮೊದಲು ಹೋಗಿ ಬಾಗಿಲು ಕಾಯುತ್ತಾನೆಯೇ?

ಕೀರ್ ಮದ್ಯ ತುಂಬಿದ ಲೋಟಗಳು, ಒಲೆಯಿಂದ ಆಗಷ್ಟೇ ತೆಗೆದ ಗುಜೇರ್ ಎಂಬ ಚೀಸಿನ ಬನ್ನುಗಳು, ಭೋಜನಶಾಲೆಯ ತುಂಬ ಜನ. ಚಿತ್ರದ ಮೇಲಿನ ಬಟ್ಟೆ ಸರಿಯಿತು.

ದೊರೆಯ ಕೋಟು ಬೆಂಕಿಯಂತೆ ಹೊಳೆಯುತ್ತಿತ್ತು, ನಾಯಿಯ ಕೊರಳಪಟ್ಟಿಯ ಮೇಲಿನ ಹೆಸರು ಕೂಡ ಓದಬಹುದಾಗಿತ್ತು. ಆದರೆ ದೊರೆಯ ಮುಖದಲ್ಲಿ ಮೂಗಿರಲಿಲ್ಲ. ಅಂದರೆ ಇತ್ತು, ಪುಟ್ಟದು, ತುದಿ ಮೇಲಕ್ಕೆ ಎದ್ದದ್ದು, ಎಳೆಯ ಅಣಬೆಯಂಥದು. ಹಿಂದೆಂದೋ ಚಿತ್ರದ ಕ್ಯಾನ್ವಾಸು ಹರಿದಿದ್ದ ಕಡೆ ತೇಪೆ ಹಾಕಿದ ಯಾವನೋ ಕುಂಚದವನು, ಗಾಯ ಮುಚ್ಚಲು ಧಾರಾಳವಾಗಿ ಮೂಗು ಎಳೆದಿದ್ದನಂತೆ; ಶುದ್ಧಿಯಲ್ಲಿ ಅದು ಅಳಿಸಿಹೋಗಿತ್ತು. ಅಷ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ದೊರೆಯ ಹಿಂದಿನ ಕತ್ತಲು ಕತ್ತಲಾಗಿರಲಿಲ್ಲ, ಬರೀ ಮಸಿಯಾಗಿತ್ತು. ಅದು ಹೋದ ಮೇಲೆ ಅಲ್ಲೊಬ್ಬ ಸೇವಕ ಪ್ರತ್ಯಕ್ಷನಾಗಿದ್ದ. ಎರಡು ಕೈಯಲ್ಲಿ ಸೂಪಿನ ಪಾತ್ರೆ ಹಿಡಿದು, ಎಲ್ಲಿ ಚೆಲ್ಲೀತೋ ಎಂದು ಕಣ್ಣು ಕಿರಿದಾಗಿಸಿ ನಿಂತಿದ್ದ ಅವನ ಮುಖದ ನಡುವಿನಿಂದ ಮೂಗೊಂದು ಹೊರಟು, ಅರ್ಧ ದಾರಿಯಲ್ಲಿ ಎಡಕ್ಕೆ ಬಾಗಿ, ಮೇಲ್ದುಟಿಯ ಮೇಲೆ ಇಳಿದಿತ್ತು. ಮೂಲಚಿತ್ರಕಾರನ ಕೈಯದೇ, ಅನುಮಾನವೇ ಇಲ್ಲ.

ಔಷಧಿ ಅಂಗಡಿಯ ಫುರ್ನೊ ತನ್ನ ನಗುವನ್ನು ಇಡೀ ಗುಜೇರ್ ಒಂದರ ಜೊತೆ ನುಂಗಲು ಹೋಗಿ ಕೆಮ್ಮಿದ. ಆಗ ಎಲ್ಲರೂ ಕೆಮ್ಮಿದರು. ಆನ್ಸೆಲ್ಮ್ ಬಹಳ ಹೊತ್ತು ನೋಡಿದರು. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಬಾಗಿಲಿನ ತಿರುವಿನಲ್ಲಿ ಹಿಂದಕ್ಕೆ ನೋಡದೆ ಹೊರಟುಹೋದರು. ಅವರು ಹಾಗೆ ತಿರುಗಿದ್ದನ್ನು ಊರು ಕಂಡದ್ದು ಅದೇ ಮೊದಲು.

ಮುಂದಿನ ದಿನಗಳು ಎರ್ಮಿನ್‌ಗೆ ಕಷ್ಟವಾದವು. ಅವಳು ಬೇಕೆಂದೇ ಸರಸರ ಮಾತಾಡಿ ನೋಡಿದಳು; ಬಲಗಾಲು ಅಲುಗಲಿಲ್ಲ. ವರ್ಷಗಟ್ಟಲೆ ಗೇಲಿ ಮಾಡಿದ್ದ ದೊರೆತನ ಮನೆಯಿಂದ ಹೋದ ಮೇಲೆ ಗೇಲಿ ಮಾಡಲು ಏನೂ ಉಳಿದಿರಲಿಲ್ಲ, ಎದುರಿಗಿದ್ದುದು ಕಿಟಕಿಯತ್ತ ಮುಖಮಾಡಿ ಕೂತ ಒಬ್ಬ ಮುದುಕ ಮಾತ್ರ. ಒಂದು ಮಧ್ಯಾಹ್ನ ಅವಳು ಯಾರಿಗೂ ಹೇಳದೆ, ದುಡ್ಡು ಕೊಟ್ಟು ಒಳಹೋಗುವ ದಿನದಂದೇ, ಮಹಲಿಗೆ ಹೋಗಿ ಆ ಸೇವಕನ ಮುಂದೆ ನಿಂತಳು. ಕ್ಲೊತಿಲ್ದ್‌ಳ ಹತ್ತಿರವೂ ಏನೇನೋ ವಿಚಾರಿಸಿದಳು. ಬಂದವಳು ಚೀಲ ಇಳಿಸಿ, ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಆ ದೊರೆಗೆ ಮಕ್ಕಳಿರಲಿಲ್ವಂತೆ."

ಆನ್ಸೆಲ್ಮ್ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

"ತಲೇನೂ ಹೋಯ್ತು, ವಂಶಾನೂ ಹೋಯ್ತು. ಸೂಪ್ ತಂದಿಟ್ಟೋನು ಮಾತ್ರ ಕತ್ತು ಉಳಿಸ್ಕೊಂಡು ಮನೆಗೆ ಹೋಗಿರ್ತಾನೆ ಕಣೋ. ಯಾರಾದ್ರೂ ಒಬ್ರು ಹೋಗದೆ ನೀನೆಲ್ಲಿಂದ ಬರ್ತಿದ್ದೆ?" ಕೊಂಚ ಬೇರೆ ದನಿಯಲ್ಲಿ ಸೇರಿಸಿದಳು: "ಒಂದು ತೊಟ್ಟೂ ಚೆಲ್ಲಿಲ್ಲ ಅವನು. ನೋಡೋಕೂ ಚೆನ್ನಾಗಿದಾನೆ. ದೊರೆಗಿಂತ ಚೆನ್ನಾಗಿದಾನೆ."

ರಾತ್ರಿ ಊಟಕ್ಕೆ ಆನ್ಸೆಲ್ಮ್ ಸೂಪಿನ ಪಾತ್ರೆಯನ್ನು ಅಡುಗೆಮನೆಯಿಂದ ತಾವೇ ಎರಡು ಕೈಯಲ್ಲಿ ಹಿಡಿದು ತಂದರು. ಎರ್ಮಿನ್ ನಗಲಿಲ್ಲ, ಅದೊಂದು ಸಾಹಸವೆಂದೇ ಹೇಳಬೇಕು.

ಮುಂದಿನ ತಿಂಗಳ ಮೊದಲ ಭಾನುವಾರ ಅವರು ಡ್ರೈವಿಂಗ್ ಶಾಲೆಯ ಹಳೆಯ ನೀಲಿ ಜಾಕೆಟ್ಟು ತೊಟ್ಟು ಮಹಲಿಗೆ ಹೋದರು. ಚಿತ್ರದ ಎದುರು ಮೊದಲಿಗಿಂತ ಒಂದು ಹೆಜ್ಜೆ ಬಲಕ್ಕೆ, ಸೇವಕನ ನೇರಕ್ಕೆ ನಿಂತು, ಫಲಕವನ್ನು ಓದುವ ನೆಪ ಮಾಡದೆ ನಿಜವಾಗಿಯೇ ಓದಿದರು. ಓದಿ ಕೆರಳಿದರು. ನಾಯಿಯ ಹೆಸರಿತ್ತು, ಸೂಪು ತಂದವನ ಬಗ್ಗೆ ಒಂದಕ್ಷರವಿರಲಿಲ್ಲ. ಅವತ್ತಿನಿಂದ ದೊರೆಗೆ ಉಳಿಗಾಲವಿಲ್ಲ. ಬಂದ ಪ್ರವಾಸಿಗಳಿಗೆಲ್ಲ ಅವರು ಅವನ ಸೋಮಾರಿತನವನ್ನು, ಹೊಟ್ಟೆಬಾಕತನವನ್ನು, ಆಳುಗಳಿಗೆ ಮಾಡಿದ ಅನ್ಯಾಯವನ್ನು ಕಣ್ಣಾರೆ ಕಂಡವರಂತೆ ವರ್ಣಿಸತೊಡಗಿದರು. ಮುಖ್ಯಸ್ಥೆಯ ಕೋಣೆಗೆ ಹೋಗಿ, "ನಾಯಿಗಿರೋ ಮರ್ಯಾದೆ ನಮ್ಮವನಿಗಿಲ್ವೇನಮ್ಮ?" ಎಂದು ಕೇಳಿದರು. ಅವಳು ಅವನ ಹೆಸರು ಯಾರಿಗೂ ಗೊತ್ತಿಲ್ಲ ಎಂದು ವಿವರಿಸಲು ಹೊರಟಳು, ಮಾತು ವೇಗ ಹಿಡಿಯಿತು, ಬಲಗಾಲು ನೆಲವನ್ನೊತ್ತಿತು. ಕೆಲವು ವಾರಗಳಲ್ಲಿ ಫಲಕಕ್ಕೆ ಆರನೆಯ ಸಾಲು ಬಂತು: 'ಹಿಂಬದಿಯಲ್ಲಿ, ಸೂಪು ತರುತ್ತಿರುವ ವ್ಯಕ್ತಿ.' ಆ ವರ್ಷದ ಜುಲೈ ಹದಿನಾಲ್ಕರಂದು ಆನ್ಸೆಲ್ಮ್ ಸೇತುವೆಯ ಮೇಲೆ ಎರ್ಮಿನ್‌ಳ ಜೊತೆ ಕುಣಿದರು, ಅವಳ ಕಾಲನ್ನು ಎರಡು ಸಲ ತುಳಿದರು.

ಚಿತ್ರಶಾಲೆಗೆ ಹೋಗುವವರಲ್ಲಿ ಬಣ್ಣ ನೋಡುವವರಿದ್ದಾರೆ, ರೇಖೆ ನೋಡುವವರಿದ್ದಾರೆ, ಗಡಿಯಾರ ನೋಡುವವರಂತೂ ಬಹಳ. ಇವರೆಲ್ಲರ ನಡುವೆ ಸದ್ದಿಲ್ಲದೆ ಸುಳಿಯುವ ಇನ್ನೊಂದು ಜಾತಿಯಿದೆ. ಅವರು ಚಿತ್ರವನ್ನು ನೋಡಲು ಹೋಗುವುದಿಲ್ಲ. ಸತ್ತು ಶತಮಾನಗಳಾದ ಯಾರಾದರೊಬ್ಬರು ತಮ್ಮನ್ನು ಗುರುತಿಸಲಿ ಎಂದು ಹೋಗುತ್ತಾರೆ. ಪಂಡಿತರು ಅವರನ್ನು ಕಂಡು ನಗುತ್ತಾರೆ, ನಾವೂ ನಗುತ್ತೇವೆ. ಆದರೆ ಗೋಡೆಯ ಮೇಲಿನ ಮುಖಗಳಿಗೆ ಆಯ್ಕೆಯ ಅವಕಾಶವಿದ್ದಿದ್ದರೆ, ತಮ್ಮ ಕಾಲ, ಶೈಲಿ, ಕುಂಚದ ಎಳೆತಗಳನ್ನೆಲ್ಲ ಬಲ್ಲವರು ಹಾದುಹೋಗುವುದನ್ನು ಸಹನೆಯಿಂದ ನೋಡುತ್ತ, ತಮ್ಮನ್ನು 'ನಮ್ಮವನು' ಎಂದು ಕರೆಯುವ ಇಂಥ ಒಬ್ಬ ಅವಿವೇಕಿಗಾಗಿಯೇ ಅವು ಕಾದಿರುತ್ತಿದ್ದವೇನೋ.