ಪೆಂದಾ ಅತ್ತೆಗೆ ಮೊದಲ ಸಂದೇಶ

ಹೆಣಕ್ಕೆ ಸುತ್ತುವ ಕಫನದ ಬಟ್ಟೆ ಹರಿಯುತ್ತಿದ್ದ ಗಂಡಸರನ್ನು ದಾಟಿಕೊಂಡು ಮಾರೆಮ್ ಅಂಗಳಕ್ಕೆ ಬಂದಳು. ಕೈಯಲ್ಲಿ ಅಪ್ಪನ ಫೋನಿತ್ತು.

"ಇಮಾಮರೇ, ಪೆಂದಾ ಅತ್ತೆ ಬರೋವರೆಗೂ ಅಪ್ಪನ್ನ ಎತ್ತಬೇಡಿ."

"ಇಳಿಹೊತ್ತಿನ ಅಸರ್ ನಮಾಜಿಗೆ ಎತ್ತಲೇಬೇಕು ಕಣಮ್ಮ, ಕಾಯಿಸಬಾರದು. ಅವಳಿಗೆ ಫೋನ್ ಮಾಡಿದ್ರಾ?"

"ಕಿವುಡಿಗೆ ಫೋನ್ ಮಾಡಿ ಏನ್ ಹೇಳೋದು?" ಎಂದ ಫೋನಿನಂಗಡಿಯ ಗೋರಾ. "ಅವಳ ಪಕ್ಕದ ಮನೆಯವರಿಗೆ ಹೇಳಿದ್ವಿ. ಕಡಲೆಕಾಯಿ ಮಾರೋಕೆ ಸಂತೆಗೆ ಹೋಗಿದಾಳಂತೆ. ಆ ಗದ್ದಲದಲ್ಲಿ ಎಲ್ಲಿ ಅಂತ ಹುಡುಕ್ತಾರೆ? ಕಾಗದದಲ್ಲಿ ಬರೆದು ಫೋಟೋ ಕಳಿಸೋಣ ಅಂದ್ರೆ ಅವಳ ಬಟನ್ ಫೋನಿಗೆ ಅದೂ ಹೋಗಲ್ಲ."

"ಬರೆದು ಕಳಿಸ್ತೀನಿ," ಎಂದಳು ಮಾರೆಮ್.

ಹಿಂದಿನ ಸಲ ಬರೆದು ಕಳಿಸಿದ್ದು ಏನಾಯಿತೆಂದು ಜುರ್ಬೆಲ್ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು.

*

ಅಜ್ಜಿ ಸತ್ತ ದಿನ ಅಪ್ಪ, ಅಂದರೆ ಮೋರ್ ಸಿಲ್ಲಾ, ಇದೇ ತಂಗಿಗೆ ಸುದ್ದಿ ಬರೆದಿದ್ದ. ಪೆಂದಾಳಿಗೆ ಓದಲು ಬರುತ್ತಿದ್ದುದು ಅರಬ್ಬಿ ಲಿಪಿಯಲ್ಲಿ ಬರೆದ ತಮ್ಮ ವೊಲೋಫ್ ಭಾಷೆ ಒಂದೇ. ಆ ಬರವಣಿಗೆಯಲ್ಲಿ ಮೂರು ಚುಕ್ಕಿ ಹೊತ್ತ ಒಂದು ಅಕ್ಷರವುಂಟು. ಊರಿನ ಗೋಡೆಗಳ ಮೇಲೆಲ್ಲ ಅದಿದ್ದರೂ ಫೋನುಗಳಿಗೆ ಅದರ ಗುರುತೇ ಇರಲಿಲ್ಲ. ಫೋನು ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಸಾಗಿಸುತ್ತದೆ. ಈ ಬಡಪಾಯಿಗೆ ಯಾರೂ ಸಂಖ್ಯೆ ಕೊಟ್ಟಿರಲಿಲ್ಲ. ಗೋರಾ ತಲೆ ಓಡಿಸಿ, ಮನಸ್ಸಿಗೆ ಬಂದ ಸಂಖ್ಯೆಗಳನ್ನು ಹಾಕಿ ಇಡೀ ಅಕ್ಷರಮಾಲೆಯನ್ನೇ ಹೊಸದಾಗಿ ಹೆಣೆದುಕೊಟ್ಟ. ಅವನ ಅಂಗಡಿಯಲ್ಲಿ ಸಂದೇಶ ಮುದ್ದಾಗಿ ಕಂಡಿತು. ಅವನ ಸಂಖ್ಯೆಗಳ ಗುರುತಿಲ್ಲದ ಪೆಂದಾಳ ಫೋನಿನಲ್ಲಿ ಬರೀ ಖಾಲಿ ಚೌಕಗಳ ಸಾಲಾಗಿ ಬಂದು ಕೂತಿತು.

ಅವಳು ಅದನ್ನು ತಾಯಿತದೊಳಗೆ ಬರೆದಿಡುವ ಯಂತ್ರವೆಂದುಕೊಂಡಳು. ಅಣ್ಣ ಯಾರೋ ದೊಡ್ಡ ಗುರುಗಳಿಂದ ಬರೆಸಿ ಕಳಿಸಿದ್ದಾನೆಂದು ಹಿಗ್ಗಿ, ಫೋನನ್ನೇ ಚರ್ಮದ ಚೀಲದಲ್ಲಿ ಹೊಲಿಸಿ ಕೊರಳಿಗೆ ಕಟ್ಟಿಕೊಂಡಳು. ಅಜ್ಜಿಯ ಮಣ್ಣು ಮುಗಿದ ಎಷ್ಟೋ ದಿನಕ್ಕೆ ಬಂದಿಳಿದವಳು, "ನಿನ್ನ ಯಂತ್ರ ಚೆನ್ನಾಗಿ ಕೆಲಸ ಮಾಡ್ತಿದೆ ಅಣ್ಣಾ, ಅವ್ವ ಎಲ್ಲಿ?" ಎಂದು ನಗುತ್ತ ಕೇಳಿದಳು.

ಆ ನಗು ಮೋರ್‌ನನ್ನು ಕೂರಲು ಬಿಡಲಿಲ್ಲ. ಹಿಟ್ಟಿನ ಗಿರಣಿ, ಕ್ಷೌರದಂಗಡಿ, ಮಸೀದಿಯ ಬಾಗಿಲು, ಆ ಅಕ್ಷರ ಕಂಡಲ್ಲೆಲ್ಲ ನಿಂತು ಫೋಟೋ ತೆಗೆದ. ಜನ ಅವನನ್ನು ಚುಕ್ಕಿ ಮೋರ್ ಎಂದು ಕರೆಯತೊಡಗಿದರು. ರಾಜಧಾನಿ ಡಾಕರ್‌ನ ಒಬ್ಬ ಮೇಷ್ಟರ ಬೆನ್ನುಬಿದ್ದು, ಅಕ್ಷರಗಳಿಗೆ ಸಂಖ್ಯೆ ಕೊಡುವವರಿಗೆ ಅವನ್ನೆಲ್ಲ ಕಳಿಸಿದ. ವರ್ಷಗಳ ಮೇಲೆ ಅಕ್ಷರಕ್ಕೆ ಸಂಖ್ಯೆ ಸಿಕ್ಕಿತು. ಆದರೆ ಸಂಖ್ಯೆ ಸಿಕ್ಕಿದರೆ ಸಾಕೇ, ಫೋನುಗಳಿಗೆ ಅದನ್ನು ಬರೆಯಲೂ ಬರಬೇಕಲ್ಲ! ಮಾರುಕಟ್ಟೆಯ ಒಂದೊಂದು ಫೋನನ್ನೂ ತೆರೆಸಿ ನೋಡುತ್ತಿದ್ದ. ಅವನು ಬರುವುದು ಕಂಡರೆ ಗೋರಾ ಮೇಜಿನಡಿ ಅಡಗುತ್ತಿದ್ದ. ಹೋದ ವಾರವಷ್ಟೇ ಆ ಅಕ್ಷರ ಬಲ್ಲ ಬಟನ್ ಫೋನೊಂದು ಸಿಕ್ಕಿ, ಬಸ್ಸಿನವನ ಕೈಯಲ್ಲಿ ತಂಗಿಗೆ ಕಳಿಸಿದ್ದ. ಮೊದಲ ಸಂದೇಶದಲ್ಲಿ ಏನು ಬರೆಯಲಿ ಎಂದು ನಿನ್ನೆಯೂ ಯೋಚಿಸುತ್ತ ಕೂತಿದ್ದ.

*

ಮಾರೆಮ್ ಬರೆದಳು: ಅಪ್ಪ ಹೋದ, ಬೇಗ ಬಾ ಅತ್ತೆ. ಇಷ್ಟು ವರ್ಷ ಕಾದ ಮೊದಲ ಮಾತು ಇದಾಯಿತಲ್ಲ ಎಂದು ಅವಳಿಗೆ ಅಳು ಉಕ್ಕಿತು. ಆದರೂ ಕಳಿಸಿದಳು.

"ಈ ಸಲವೂ ಚೌಕ ಬಂದ್ರೆ ನನ್ನೂ ಇವತ್ತೇ ಹೂತುಬಿಡಿ," ಎಂದ ಗೋರಾ.

"ಒಂದೇ ದಿನ ಎರಡೆರಡು ನನ್ನ ಕೈಲಾಗಲ್ಲಪ್ಪ," ಎಂದರು ಇಮಾಮರು.

ಅಪ್ಪನ ಕೊನೆಯ ಸ್ನಾನ ಮುಗಿಯಿತು. ಇಮಾಮರು ಕಫನ ಸುತ್ತಿ ತಲೆಯ ಬಳಿ ಗಂಟು ಹಾಕಿದರು. ಮಸೀದಿಯಿಂದ ಕರೆ ಕೇಳಿತು. ಮಾರೆಮ್ ಫೋನನ್ನೇ ನೋಡುತ್ತಿದ್ದಳು. ಗಂಡಸರು ಮಂಚವನ್ನು ಹೆಗಲಿಗೆತ್ತಿ ಹೊಸ್ತಿಲು ದಾಟುವಾಗ ಅವಳ ಅಂಗೈಯಲ್ಲಿ ಫೋನು ನಡುಗಿತು.

"ತಡೀರಿ!" ಎಂದು ಕೂಗಿ, ಅಲ್ಲೇ ನಿಂತು ಗಟ್ಟಿಯಾಗಿ ಓದಿದಳು. "'ಓದಿದೆ ಮಗಳೇ, ಒಂದಕ್ಷರ ಬಿಡದೆ ಓದಿದೆ. ಕಾರಲ್ಲಿ ಕೂತಿದೀನಿ, ಬಾವೋಬಾಬ್ ಮರದ ತಿರುವು ದಾಟ್ತು. ಅಣ್ಣನ ಮುಖ ನೋಡಬೇಕು.'"

"ತಿರುವು ದಾಟ್ತು ಅಂದ್ರೆ ಬಂದೇ ಬಿಟ್ಳು!" ಗೋರಾ ಬರಿಗಾಲಲ್ಲೇ ರಸ್ತೆಗೆ ಓಡಿದ.

ಗಂಡಸರು ಇಮಾಮರ ಮುಖ ನೋಡಿದರು. ಅವರು ಮಸೀದಿಯ ಕಡೆ ಒಮ್ಮೆ ನೋಡಿ, ಕೈಯಿಂದ ಸನ್ನೆ ಮಾಡಿದರು. ಮಂಚ ಮೆಲ್ಲಗೆ ಬೇವಿನ ನೆರಳಿಗೆ ಇಳಿಯಿತು. ಇಮಾಮರು ಮೊಣಕಾಲೂರಿ ಕೂತು, ತಾವೇ ಹಾಕಿದ್ದ ತಲೆಯ ಬಳಿಯ ಗಂಟನ್ನು ಬಿಚ್ಚತೊಡಗಿದರು.