ಮೂಗಮ್ಮನ ಮೂಗು ತಪ್ಪಿದ ದಿನ

ನನ್ನ ತಮ್ಮನ ಹೆಂಡತಿಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಮೂಗಮ್ಮ ಎನ್ನುತ್ತಾರೆ. ಅವಳಿಗೇನೂ ಬೇಸರವಿಲ್ಲ. ದೇವರು ಅವಳಿಗೆ ಮೂಗು ಕೊಟ್ಟ, ಅಕ್ಕನಿಗೆ ಮೂಗಿನ ತುದಿಯ ಕೋಪ ಮಾತ್ರ ಕೊಟ್ಟ ಎಂದು ತಮ್ಮ ನನ್ನನ್ನು ಛೇಡಿಸುತ್ತಾನೆ. ಅವನು ಅಲ್ಲೇ ಬಾಯ್ಲರ್ ನೋಡಿಕೊಳ್ಳುತ್ತಾನೆ, ನಾನು ಲ್ಯಾಬಿನಲ್ಲಿದ್ದೇನೆ. ಮೂವರಿಗೂ ಒಂದೇ ಮನೆ, ಒಂದೇ ಬಸ್ಸು.

ನಮ್ಮದು ಪಾಚಿಯ ಕೆಲಸ. ಹೊರಗಿನ ಕೊಳಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬೆಳೆಸುತ್ತೇವೆ. ಅದನ್ನು ಸೋಸಿ, ಹಸಿರು ಮುದ್ದೆ ಮಾಡಿ, ಬೇಯಿಸಿ, ಗಾಳಿಯಾಡದ ಉಕ್ಕಿನ ತೊಟ್ಟಿಗೆ ತುಂಬಿ ಹುದುಗಲು ಬಿಡುತ್ತೇವೆ. ನಾವು ಒಳಗೆ ಸೇರಿಸಿದ ಬ್ಯಾಕ್ಟೀರಿಯಾ ಪಾಚಿಯನ್ನು ತಿಂದು ಬ್ಯುಟಿರಿಕ್ ಆಮ್ಲ ಮಾಡುತ್ತದೆ. ಅದರ ವಾಸನೆ ಏನು ಕೇಳುತ್ತೀರಿ, ಕಮಟು ಹಿಡಿದ ಬೆಣ್ಣೆ! ಬಸ್ಸಿನಲ್ಲಿ ನಮ್ಮ ಪಕ್ಕ ಯಾರೂ ಕೂರುವುದಿಲ್ಲ, ಕಾಲು ಚಾಚಿಕೊಂಡು ರಾಜರಂತೆ ಬರುತ್ತೇವೆ. ಅದೇ ಆಮ್ಲವನ್ನು ಆಲ್ಕೋಹಾಲ್ ಜೊತೆ ಕಾಯಿಸಿದರೆ ಅನಾನಸ್ ಹಣ್ಣಿನ ಘಮದ ಎಸೆನ್ಸ್ ಆಗುತ್ತದೆ. ಅದು ಮಿಠಾಯಿಗೆ, ಸೋಪಿಗೆ ಹೋಗುತ್ತದೆ.

ದಿನಾ ಬೆಳಿಗ್ಗೆ ತೊಟ್ಟಿಯ ವಾಸನೆ ನೋಡುವುದು ಮೂಗಮ್ಮನ ಕೆಲಸ. ಹೋದ ವರ್ಷ ತೊಟ್ಟಿಗೆ ಬೇಡದ ಬ್ಯಾಕ್ಟೀರಿಯಾ ಸೇರಿದಾಗ ನನ್ನ ಯಂತ್ರಗಳೆಲ್ಲ ಸರಿಯಿದೆ ಎಂದವು, ಅವಳೊಬ್ಬಳೇ ಕೆಟ್ಟಿದೆ ಎಂದಳು. ಕೆಟ್ಟಿತ್ತು. ಅಂದಿನಿಂದ ಮ್ಯಾನೇಜರಿಗೆ ಅವಳ ಮಾತೇ ವೇದವಾಕ್ಯ.

ಅವತ್ತು ಬೆಳಿಗ್ಗೆ ಅವಳು ಬಿಳಿಚಿಕೊಂಡ ಮುಖದಲ್ಲಿ ಲ್ಯಾಬಿಗೆ ಬಂದಳು.

"ಅಕ್ಕ, ತೊಟ್ಟಿ ಹೋಯ್ತು. ಕೊಳೆತ ವಾಸನೆ, ಹತ್ರ ನಿಲ್ಲೋಕಾಗ್ತಿಲ್ಲ."

ಬೇಸಿಗೆಯೆಲ್ಲ ಬೆಳೆಸಿದ ಪಾಚಿ ಅದರಲ್ಲಿತ್ತು. ಆ ತೊಟ್ಟಿಯ ಎಸೆನ್ಸ್ ನೋಡಿಯೇ ಸೋಪಿನ ಕಂಪನಿಯವರು ನಮ್ಮ ಸಹವಾಸ ಬೇಕೋ ಬೇಡವೋ ಎಂದು ಹೇಳುವವರಿದ್ದರು. ನಾನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿದೆ. ನಮ್ಮ ಬ್ಯಾಕ್ಟೀರಿಯಾ ಬಿಟ್ಟರೆ ಬೇರೊಂದಿಲ್ಲ. ಆಮ್ಲವೂ ಇರಬೇಕಾದಷ್ಟೇ ಇತ್ತು.

"ಹೋದ ಸಲಾನೂ ನೀವು ಹೀಗೇ ಹೇಳಿದ್ರಿ ಮೇಡಂ," ಎಂದರು ವಿಷಯ ತಿಳಿದು ಬಂದ ಮ್ಯಾನೇಜರ್. ನನಗೆ ಮೈಯೆಲ್ಲ ಉರಿದುಹೋಯಿತು. ಕೆಟ್ಟ ತೊಟ್ಟಿಯನ್ನು ಇಟ್ಟುಕೊಂಡರೆ ಬೇಡದ ಬ್ಯಾಕ್ಟೀರಿಯಾ ಪೈಪುಗಳ ಮೂಲಕ, ತೊಳೆದು ಖಾಲಿ ಇಟ್ಟ ಉಳಿದ ತೊಟ್ಟಿಗಳಿಗೂ ಹಬ್ಬುತ್ತದೆ. ಹಾಗಾಗಿ ಚರಂಡಿ ಸಿದ್ಧವಾದ ಕೂಡಲೇ ವಾಲ್ವ್ ತೆರೆದು ತೊಟ್ಟಿ ಖಾಲಿ ಮಾಡಲು ಅವರು ತಮ್ಮನಿಗೆ ಹೇಳಿ ಹೋದರು.

ನಾನು ಬಿಡುತ್ತೇನೆಯೇ? ಹಳೆಯ ತೊಟ್ಟಿಯ ಎಸೆನ್ಸ್ ಬಾಟಲಿಯೊಂದನ್ನು ಬೀರುವಿನಿಂದ ತೆಗೆದು, ಅವಳೆದುರೇ ಸೀಲ್ ಒಡೆದೆ. ಆ ಘಮವೆಂದರೆ ಅವಳಿಗೆ ಪ್ರಾಣ, ಕದ್ದು ಮಣಿಕಟ್ಟಿಗೆ ಹಚ್ಚಿಕೊಳ್ಳುತ್ತಾಳೆ.

"ಇದನ್ನ ಮೂಸು. ಆಮೇಲೆ ಮಾತಾಡು."

ಮೂಸಿದವಳೇ ಬಾಯಿ ಮುಚ್ಚಿಕೊಂಡು ಸಿಂಕಿನ ಕಡೆ ಓಡಿದಳು. "ಅಯ್ಯೋ, ಇದೂ ಕೆಟ್ಟಿದೆ ಅಕ್ಕ!"

ಸೀಲ್ ಆದ ಬಾಟಲಿ ಕೆಡುವುದೆಲ್ಲಿಂದ ಬಂತು? ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಕೆಟ್ಟಿದ್ದು ತೊಟ್ಟಿಯಲ್ಲ, ಬದಲಾಗಿದ್ದು ಇವಳ ಮೂಗು. ಹೆಂಗಸರಿಗೆ ಹೀಗಾಗುವುದು ಯಾವಾಗ ಎಂದು ಲ್ಯಾಬಿನಲ್ಲಿ ಕಲಿಯಬೇಕಾಗಿಲ್ಲ.

ಆದರೆ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಅವಳು ಈ ಕೆಲಸಕ್ಕೆ ಸೇರುವ ಮೊದಲು ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಪಕ್ಕದ ಮನೆಯ ಮಗು ಅತ್ತರೆ ತಮ್ಮ ಇಂದಿಗೂ ರೇಡಿಯೋ ಜೋರು ಮಾಡುತ್ತಾನೆ. ಈಗ ನಾನು ಬಾಯಿಬಿಟ್ಟರೆ ತೊಟ್ಟಿ ಉಳಿಯುತ್ತದೆ. ಆದರೆ ಅವಳಿಗೆ ಆಸೆ ಹುಟ್ಟಿಸಿ, ಅದು ಮತ್ತೆ ಸುಳ್ಳಾದರೆ? ತೊಟ್ಟಿ ಹಾಳಾಗಿ ಹೋಗಲಿ ಎಂದುಕೊಂಡೆ. ನನಗೆ ಅವಳು ಮುಖ್ಯ.

ಮುಖ ತೊಳೆದು ಬಂದವಳು ನನ್ನನ್ನೇ ನೋಡಿದಳು. "ಏನಕ್ಕ, ಬಯ್ಯೋದೇ ಮರ್ತುಬಿಟ್ರಾ?"

ಅವಳು ಒಡೆದ ಸೀಲನ್ನು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ದಡ್ಡಿಯಲ್ಲ ಅವಳು. ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು.

"ಎಷ್ಟು ದಿನ ಆಯ್ತೇ?" ಎಂದೆ.

"ಲೆಕ್ಕ ಇಡೋದು ಬಿಟ್ಟು ಬಹಳ ಕಾಲ ಆಯ್ತಕ್ಕ."

"ಸದ್ಯಕ್ಕೆ ಯಾರಿಗೂ ಹೇಳ್ಬೇಡ. ತೊಟ್ಟಿ ಹೋದ್ರೆ ಹೋಗ್ಲಿ. ಮೊದ್ಲು ಡಾಕ್ಟರ ಹತ್ರ ಹೋಗೋಣ."

ಅವಳು ಇದ್ದಕ್ಕಿದ್ದಂತೆ ಎದ್ದು ತೊಟ್ಟಿಯ ಕಡೆ ಹೊರಟಳು. ನಾನು ಹಿಂದೆಯೇ ಓಡಿದೆ. ತಮ್ಮನ ಕೈ ಆಗಲೇ ವಾಲ್ವಿನ ಚಕ್ರದ ಮೇಲಿತ್ತು, ಮ್ಯಾನೇಜರ್ ಪಕ್ಕದಲ್ಲಿದ್ದರು.

"ತೆರೀಬೇಡಿ! ತೊಟ್ಟಿ ಚೆನ್ನಾಗಿದೆ. ತಪ್ಪಿದ್ದು ನನ್ನ ಮೂಗು."

"ನಿಮ್ಮ ಮೂಗು ತಪ್ಪೋದಾ?" ಮ್ಯಾನೇಜರಿಗೆ ನಂಬಿಕೆಯೇ ಬರಲಿಲ್ಲ.

"ನೆಗಡಿ ಸಾರ್ ಅವಳಿಗೆ," ಎಂದು ನಾನು ನಡುವೆ ಬಾಯಿ ಹಾಕಿದೆ.

"ನೆಗಡಿ ಅಲ್ಲ." ಅವಳು ನನ್ನ ಕೈ ಸರಿಸಿ ಗಂಡನನ್ನೇ ನೋಡಿದಳು. "ನಾನು ಬಸುರಿ ಇರ್ಬೇಕು ರೀ. ಹಿಂದೆ ಎರಡು ಸಲಾನೂ, ನಿಲ್ಲಲಿ, ಆಮೇಲೆ ಹೇಳೋಣ ಅಂತ ಬಾಯಿ ಮುಚ್ಕೊಂಡಿದ್ದೆ. ಖುಷೀನ ಒಬ್ಬಳೇ ಪಟ್ಟೆ, ನಿಮಗೆ ಅಳು ಮಾತ್ರ ತಂದುಕೊಟ್ಟೆ. ಈ ಸಲ ಖುಷೀನೂ ಕೊಡ್ತೀನಿ. ಎಷ್ಟು ದಿನ ಇರತ್ತೋ ಅಷ್ಟು ದಿನ ಇರ್ಲಿ."

ತಮ್ಮನ ಕೈ ಚಕ್ರ ಬಿಡಲೇ ಇಲ್ಲ. ಮ್ಯಾನೇಜರೇ ಮೆಲ್ಲಗೆ ಅವನ ಬೆರಳು ಬಿಡಿಸಿದರು. ಅವನು ಹತ್ತಿರ ಬಂದದ್ದೇ ಮೂಗಮ್ಮ ಮೂಗು ಮುಚ್ಚಿಕೊಂಡಳು.

"ದೂರ ನಿಂತ್ಕೊಂಡು ಅಳಿ ರೀ, ನೀವೂ ನಾರ್ತಿದ್ದೀರ."

ಅವನು ಪಾಪ, ದೂರ ನಿಂತೇ ಅತ್ತ. ನಾನು ನಾರುತ್ತಿದ್ದೇನೋ ಇಲ್ಲವೋ ಎಂದು ಕೇಳಲು ಹೋಗಲಿಲ್ಲ, ಅವಳನ್ನು ತಬ್ಬಿಕೊಂಡೆ.